ಮದುವೆಯ ಗದ್ದಲದಲ್ಲಿ ಮಾತಾಡದವಳು



ಅಧ್ಯಕ್ಷರು ಕೊನೆಯಲ್ಲಿ ಮಾತಾಡುವುದು ನಮ್ಮ ಸಭೆಗಳ ಪದ್ಧತಿ. ಅಷ್ಟರೊಳಗೆ ಹೇಳಬೇಕಾದ್ದನ್ನೆಲ್ಲ ಉಳಿದವರು ಹೇಳಿ ಮುಗಿಸಿರುತ್ತಾರೆ. ಇದರಿಂದ ನನಗೆ ಅನುಕೂಲವೇ ಆಯಿತು. ರಂಗಭೂಮಿಯ ಸಮಗ್ರ ಸಮೀಕ್ಷೆಯ ಭಾರ ತಪ್ಪಿತು. ಬಹಳ ವರ್ಷಗಳಿಂದ ನನ್ನನ್ನು ಕೆಣಕುತ್ತಿರುವ ಒಂದೇ ಸಂಗತಿಯನ್ನು ನಿಮ್ಮ ಮುಂದಿಡುತ್ತೇನೆ.

ಆಗ ನನಗೆ ಹತ್ತೊಂಬತ್ತು. ಕಾಲೇಜಿನ ವಾರ್ಷಿಕೋತ್ಸವಕ್ಕೆ ಶೇಕ್ಸ್‌ಪಿಯರನ ‘ಟೇಮಿಂಗ್ ಆಫ್ ದ ಶ್ರೂ’ ನಾಟಕವನ್ನು ಕನ್ನಡಕ್ಕೆ ಇಳಿಸಿಕೊಂಡು ಆಡಿದೆವು. ಗಯ್ಯಾಳಿ ಕ್ಯಾಥರೀನ್ ನಾನು. ಹಾಗೆ ನೋಡಿದರೆ ನನಗೆ ಆ ಪಾತ್ರ ಸಿಕ್ಕಿದ್ದೇ ನನ್ನ ದೊಡ್ಡ ಗಂಟಲಿನಿಂದ. ಮೊದಲ ಅರ್ಧ ಗಂಟೆ ಸ್ಟೂಲು ಎಸೆದೆ, ವೀಣೆ ಮುರಿದೆ, ಎದುರು ಸಿಕ್ಕವರನ್ನೆಲ್ಲ ಬೈದೆ. ಜನ ಶಿಳ್ಳೆ ಹೊಡೆದರು. ಆಮೇಲೆ ಗಂಡನಾದವನು ಬಂದು ನನ್ನನ್ನು ಉಪವಾಸ ಕೆಡವಿದ, ನಿದ್ದೆಗೆಡಿಸಿದ, ಹೊಲಿಸಿ ತಂದ ಬಟ್ಟೆಯನ್ನು ಕಣ್ಣೆದುರೇ ಹಾಳುಮಾಡಿಸಿದ, ನಡುಹಗಲ ಸೂರ್ಯನನ್ನು ಚಂದ್ರನೆಂದು ಒಪ್ಪಿಸಿದ. ಜನ ಇನ್ನೂ ಜೋರಾಗಿ ನಕ್ಕರು. ಕೊನೆಗೆ ಆ ಉದ್ದದ ಭಾಷಣ. ಮೂಲದಲ್ಲಿ 44 ಸಾಲು, ಇಡೀ ನಾಟಕದಲ್ಲೇ ಅತಿ ಉದ್ದದ ಮಾತು ಅದು. ಹೆಂಡತಿಯಾದವಳು ಗಂಡನ ಪಾದದ ಕೆಳಗೆ ತನ್ನ ಕೈ ಇಡಲೂ ಸಿದ್ಧಳಿರಬೇಕು ಎಂಬಲ್ಲಿಗೆ ಅದು ಮುಗಿಯುತ್ತದೆ.

ಅಲ್ಲಿ ಏನೋ ಎಡವಟ್ಟಾಯಿತು. ಇಂಗ್ಲಿಷಿನ ಆ ಮಾತಿನಲ್ಲಿ ಅತಿರೇಕವಿದೆ. ಲಂಡನ್ನಿನ ಗೃಹಿಣಿ ದಿನಾ ಬೆಳಗ್ಗೆ ಗಂಡನ ಕಾಲು ಮುಟ್ಟುವವಳಲ್ಲ. ಹಾಗಾಗಿ ಇವಳು ನಿಜವಾಗಿ ಸೋತಳೋ, ಅಣಕಿಸುತ್ತಿದ್ದಾಳೋ ಎಂದು ಅಲ್ಲಿಯ ಪ್ರೇಕ್ಷಕ ಒಂದು ಗಳಿಗೆಯಾದರೂ ಅನುಮಾನಿಸಬಹುದು. ನಮ್ಮಲ್ಲಿ ನಾನು ಬಗ್ಗಿ ಗಂಡನ ಪಾದ ಮುಟ್ಟಿದೆ. ಯಾರಿಗೂ ಅದು ಅತಿರೇಕ ಅನ್ನಿಸಲಿಲ್ಲ. ಭೀಮನ ಅಮಾವಾಸ್ಯೆಯ ಪೂಜೆಯ ಹಾಗೆ ಕಂಡಿತು. ಮುಂದಿನ ಸಾಲಿನ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ಹಾಸ್ಯನಾಟಕ ನಮ್ಮ ಕೈಯಲ್ಲೇ ಪತಿವ್ರತಾ ಮಹಾತ್ಮೆಯಾಗಿ ಮುಗಿದಿತ್ತು. ನಮ್ಮ ಮೇಷ್ಟ್ರಿಗೆ ಭಾರೀ ಸಂತೋಷ. ಗ್ರೀನ್ ರೂಮಿನಲ್ಲಿ ಬಣ್ಣ ಒರೆಸಿಕೊಳ್ಳುತ್ತಾ ಕೂತ ನನಗೆ ಮಾತ್ರ, ಮೊದಲ ಅಂಕದಲ್ಲಿ ಅಷ್ಟು ಹೊತ್ತು ಕಿರುಚಿದವಳು ಎಲ್ಲಿ ಹೋದಳು ಅನ್ನಿಸಿತು.

ಈ ನಾಟಕ ನಮಗೆ ಪರಕೀಯವಲ್ಲ. ಪರ್ವತವಾಣಿಯವರು ಇದನ್ನು ‘ಬಹದ್ದೂರ್ ಗಂಡ’ ಮಾಡಿದರು. ಅದರಿಂದ 1989ರಲ್ಲಿ ‘ನಂಜುಂಡಿ ಕಲ್ಯಾಣ’ ಸಿನಿಮಾ ಬಂತು, ಮಾಲಾಶ್ರೀ ಮನೆಮಾತಾದರು. ಶೇಕ್ಸ್‌ಪಿಯರ್ ಯಾರೆಂದೇ ಕೇಳದ ಹಳ್ಳಿಯ ಟೆಂಟಿನಲ್ಲೂ ಶ್ರೂ ಪಳಗಿದಳು. ನಾವು ಇದನ್ನು ಇಷ್ಟು ಸಲೀಸಾಗಿ ಒಳಗೆ ಬಿಟ್ಟುಕೊಂಡದ್ದಕ್ಕೆ ಕಾರಣ ನಮ್ಮ ನಿಘಂಟಿನಲ್ಲೇ ಇದೆ. ಗಯ್ಯಾಳಿ, ಬಜಾರಿ, ಗಂಡುಬೀರಿ, ಬಾಯಿಬಡುಕಿ, ಜಗಳಗಂಟಿ. ಜೋರು ಬಾಯಿಯ ಹೆಂಗಸಿಗೆ ಎಷ್ಟೊಂದು ಹೆಸರು! ಅವಳ ಮಾತು ಕೇಳುವ ಗಂಡಸಿಗೂ ಒಂದು ಬಿರುದು ಇಟ್ಟಿದ್ದೇವೆ, ಅಮ್ಮಾವ್ರ ಗಂಡ ಅಂತ. ಸುಮ್ಮನೆ ಜೋರು ಮಾಡುವ ಗಂಡಸಿಗೆ ಹೆಸರೇ ಬೇಕಾಗಿಲ್ಲ, ಅವನು ಬರೀ ಯಜಮಾನ.

ಮೂಲದ ಒಂದು ವಿಷಯವನ್ನು ನಾವು ಸಾಮಾನ್ಯವಾಗಿ ಕತ್ತರಿಸಿ ಎಸೆಯುತ್ತೇವೆ. ಕ್ಯಾಥರೀನಳ ಕಥೆ ನಾಟಕದೊಳಗಿನ ನಾಟಕ. ಸ್ಲೈ ಎಂಬ ಕುಡುಕನೊಬ್ಬ ಬಿದ್ದುಕೊಂಡಿರುತ್ತಾನೆ. ಶ್ರೀಮಂತನೊಬ್ಬ ತಮಾಷೆಗೆ ಅವನನ್ನು ಎತ್ತಿಸಿ, ರೇಷ್ಮೆ ಉಡಿಸಿ, ನೀನೇ ದೊರೆ ಎಂದು ನಂಬಿಸುತ್ತಾನೆ. ಒಬ್ಬ ಸೇವಕ ಹುಡುಗನಿಗೆ ಸೀರೆ ಸುತ್ತಿದ ಹಾಗೆ ಹೆಣ್ಣುವೇಷ ಹಾಕಿಸಿ, ಇವಳೇ ನಿನ್ನ ವಿಧೇಯ ಹೆಂಡತಿ ಎಂದು ಪಕ್ಕದಲ್ಲಿ ಕೂರಿಸುತ್ತಾನೆ. ಗಯ್ಯಾಳಿಯನ್ನು ಪಳಗಿಸುವ ಆಟ ನಡೆಯುವುದು ಈ ಕುಡುಕನ ಮನರಂಜನೆಗೆ. ಈ ಚೌಕಟ್ಟನ್ನು ಉಳಿಸಿಕೊಂಡರೆ ಇಡೀ ನಾಟಕ ಅಮಲಿನಲ್ಲಿರುವ ಗಂಡಸಿನ ಹಗಲುಗನಸಿನಂತೆ ಕಾಣುತ್ತದೆ. ಕಿತ್ತುಹಾಕಿದರೆ ಸಂಸಾರ ನಡೆಸುವ ಕೈಪಿಡಿಯಾಗಿಬಿಡುತ್ತದೆ. ಸಮಯ ಉಳಿಸಲು ಕತ್ತರಿ ಆಡಿಸುವ ನಿರ್ದೇಶಕರು ಇದನ್ನು ಯೋಚಿಸಬೇಕು. ಆ ಕತ್ತರಿ ನಾನೂ ಆಡಿಸಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಆ ಕಾಲದವರಿಗೆ ಇದೆಲ್ಲ ಸಹಜವಾಗಿತ್ತು, ಇಂದಿನ ಕಣ್ಣಿನಿಂದ ನೋಡಬಾರದು ಎಂದು ಬೆಳಗಿನ ಗೋಷ್ಠಿಯಲ್ಲಿ ಒಬ್ಬರು ಹೇಳಿದರು. ಅವರ ಕಾಳಜಿ ಅರ್ಥವಾಗುತ್ತದೆ. ಆದರೆ ಆ ಕಾಲದವರೂ ಸುಮ್ಮನೆ ಕೂತಿರಲಿಲ್ಲ. ಶೇಕ್ಸ್‌ಪಿಯರ್ ಬದುಕಿದ್ದಾಗಲೇ ಜಾನ್ ಫ್ಲೆಚರ್ ಇದಕ್ಕೆ ಉತ್ತರವಾಗಿ ‘ಪಳಗಿಸುವವನೇ ಪಳಗಿದ’ ಎಂಬರ್ಥದ ನಾಟಕ ಬರೆದ. ಅದರಲ್ಲಿ ಕ್ಯಾಥರೀನ್ ಸತ್ತಿದ್ದಾಳೆ. ಅವಳ ಗಂಡನಾಗಿದ್ದ ಪೆಟ್ರೂಷಿಯೋ ಮರಿಯಾ ಎಂಬವಳನ್ನು ಎರಡನೇ ಮದುವೆಯಾಗುತ್ತಾನೆ. ಈಕೆ ಮೊದಲ ರಾತ್ರಿಯೇ ಬಾಗಿಲಿಗೆ ಅಗಳಿ ಹಾಕಿ, ಊರ ಹೆಂಗಸರನ್ನು ಸೇರಿಸಿಕೊಂಡು ಅವನನ್ನು ಹೊರಗೆ ನಿಲ್ಲಿಸುತ್ತಾಳೆ. 1633ರ ನವೆಂಬರ್‌ನಲ್ಲಿ ಎರಡು ದಿನಗಳ ಅಂತರದಲ್ಲಿ ಈ ಎರಡೂ ನಾಟಕಗಳು ಇಂಗ್ಲೆಂಡಿನ ರಾಜ ರಾಣಿಯರ ಮುಂದೆ ನಡೆದವು. ಆಸ್ಥಾನದ ಅಧಿಕಾರಿ ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಂಡ: ಶೇಕ್ಸ್‌ಪಿಯರನದು ಹಿಡಿಸಿತು, ಫ್ಲೆಚರನದು ಬಹಳ ಹಿಡಿಸಿತು. ಮುಂದೆ 1888ರಲ್ಲಿ ಬರ್ನಾರ್ಡ್ ಷಾ ಹೆಣ್ಣಿನ ಹೆಸರಿಟ್ಟುಕೊಂಡು ಪತ್ರಿಕೆಗೆ ಕಾಗದ ಬರೆದು ಈ ನಾಟಕವನ್ನು ಹೀಗಳೆದ. ಅಸಮಾಧಾನಕ್ಕೂ ನಾಟಕದಷ್ಟೇ ವಯಸ್ಸಾಗಿದೆ.

ಕ್ಯಾಥರೀನ್ ಕೊನೆಯಲ್ಲಿ ಅಳತೆ ಮೀರಿ ಮಾತಾಡುತ್ತಾಳೆ. ನನ್ನನ್ನು ಹೆಚ್ಚು ಕಾಡುವುದು ಬೇರೆ ನಾಟಕಗಳಲ್ಲಿರುವ ಅವಳ ಅಕ್ಕತಂಗಿಯರು, ಕೊನೆಯಲ್ಲಿ ಬಾಯಿಯೇ ಬಿಡದವರು. ಹಾಸ್ಯನಾಟಕ ಮದುವೆಯಲ್ಲಿ ಮುಗಿಯಬೇಕು ಎಂಬುದು ಕಟ್ಟಳೆ. ಓಲಗ, ಕುಣಿತ, ದೀಪ. ಈ ಗದ್ದಲದಲ್ಲಿ ಯಾರು ಮಾತಾಡಲಿಲ್ಲ ಎಂದು ಪುಸ್ತಕ ಹಿಡಿದು, ಬೆರಳಿಟ್ಟು ಎಣಿಸುತ್ತಾ ಹೋಗಿ.

‘ಟೂ ಜಂಟಲ್ಮೆನ್ ಆಫ್ ವೆರೋನಾ’ದಲ್ಲಿ ಪ್ರೋಟಿಯಸ್ ಕಾಡಿನಲ್ಲಿ ಸಿಲ್ವಿಯಾಳ ಮೇಲೆ ಬಲಾತ್ಕಾರಕ್ಕೆ ಕೈ ಹಾಕುತ್ತಾನೆ. ಅವಳ ಪ್ರಿಯಕರ ವ್ಯಾಲೆಂಟೈನ್ ತಡೆಯುತ್ತಾನೆ. ಗೆಳೆಯ ಕ್ಷಮೆ ಕೇಳಿದ ಮರುಕ್ಷಣ, ಸ್ನೇಹದ ದೊಡ್ಡತನದಲ್ಲಿ ಸಿಲ್ವಿಯಾಳನ್ನೇ ಅವನಿಗೆ ಬಿಟ್ಟುಕೊಡುವ ಮಾತಾಡುತ್ತಾನೆ! ಪ್ರೋಟಿಯಸ್ ಮೈಮೇಲೆ ಬಂದಾಗ ಒಂದು ಉದ್ಗಾರ ತೆಗೆದವಳು ನಾಟಕ ಮುಗಿಯುವವರೆಗೆ ತುಟಿ ಬಿಚ್ಚುವುದಿಲ್ಲ. ಅವಳು ಅಲ್ಲೇ ನಿಂತಿರುತ್ತಾಳೆ. ಗಂಡಸರು ಸಂಧಾನ ಮಾಡಿಕೊಂಡು ಮದುವೆಯ ದಿನ ಗೊತ್ತುಮಾಡುತ್ತಾರೆ.

‘ಮಚ್ ಅಡೂ ಅಬೌಟ್ ನಥಿಂಗ್’ನ ಬೀಟ್ರಿಸ್ ಮಾತಿನ ಮಲ್ಲಿ. ಅವಳಿಗೂ ಬೆನಡಿಕ್ಕನಿಗೂ ನಡೆಯುವ ಮಾತಿನ ಕತ್ತಿವರಸೆ ಯಾರಿಗೆ ಬೇಡ? ಕೊನೆಯಲ್ಲಿ, ನಿನ್ನ ಬಾಯಿ ಮುಚ್ಚಿಸುತ್ತೇನೆ ಎಂಬರ್ಥದ ಒಂದು ಮಾತಿದೆ. ಬೆನಡಿಕ್ ಅದನ್ನು ಹೇಳಿ ಮುತ್ತಿಡುವುದು ಪ್ರಯೋಗಗಳಲ್ಲಿ ರೂಢಿ. ಸೋಜಿಗವೆಂದರೆ 1600ರ ಮೊದಲ ಮುದ್ರಣದಲ್ಲೂ 1623ರ ನಾಟಕ ಸಂಪುಟದಲ್ಲೂ ಆ ಮಾತು ಬೆನಡಿಕ್ಕನದಲ್ಲ, ಅವಳ ದೊಡ್ಡಪ್ಪನ ಸ್ಥಾನದಲ್ಲಿರುವ ಲಿಯೊನಾಟೋನದು. ಹದಿನೆಂಟನೇ ಶತಮಾನದ ಸಂಪಾದಕ ಥಿಯೊಬಾಲ್ಡ್ ಅದನ್ನು ಎತ್ತಿ ಮದುಮಗನ ಬಾಯಿಗೆ ಹಾಕಿದ. ಮನೆಯ ಹಿರಿಯ ಗದರಿಸಿ ಸುಮ್ಮನಾಗಿಸಿದ್ದು ಪ್ರಿಯಕರನ ಮುತ್ತಾಯಿತು. ನಾವು ಪ್ರಣಯ ಎಂದು ಚಪ್ಪಾಳೆ ತಟ್ಟುವುದು ಎಷ್ಟೋ ಸಲ ಹೀಗೆ ಯಾರೋ ಸಂಪಾದಕನ ತಿದ್ದುಪಡಿಗೆ. ಯಾರೇ ಹೇಳಲಿ, ಅಲ್ಲಿಂದಾಚೆಗೆ ಬೀಟ್ರಿಸಳಿಗೆ ಒಂದು ಮಾತೂ ಇಲ್ಲ.

ಪರದೇಶದ ಮಾತು ಸಾಕು ಎನ್ನುವವರಿಗೆ ಮನೆಯ ಕಡೆ ಬರುತ್ತೇನೆ. ನಮಗೆ ಸಿಕ್ಕಿರುವ ಮೊದಲ ಕನ್ನಡ ನಾಟಕ ಚಿಕ್ಕದೇವರಾಜ ಒಡೆಯರ ಆಸ್ಥಾನದ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’. ಅದು ಹರ್ಷನ ‘ರತ್ನಾವಳಿ’ಯ ರೂಪಾಂತರ; ಅಲ್ಲಿಯ ರಾಜ ಉದಯನನ ಜಾಗದಲ್ಲಿ ಕೃಷ್ಣ ಬಂದ. ಅಂದರೆ ಕನ್ನಡದ ನಾಟಕ ಸಾಹಿತ್ಯ ಕಣ್ಣು ಬಿಟ್ಟದ್ದೇ ಅಂತಃಪುರದ ಪ್ರಣಯ ಪ್ರಹಸನದಲ್ಲಿ. ರತ್ನಾವಳಿಯ ತಮಾಷೆ ನಿಮಗೆ ಗೊತ್ತು. ರಾಜ ಮೆಚ್ಚಿದ ಹುಡುಗಿ ಸಾಗರಿಕೆ ರಾಣಿಯ ವೇಷ ಹಾಕಿ ರಾಜನನ್ನು ಕಾಣಲು ಬರಬೇಕು. ಅವಳಿಗಿಂತ ಮೊದಲೇ ನಿಜವಾದ ರಾಣಿ ವಾಸವದತ್ತೆ ಬಂದುಬಿಡುತ್ತಾಳೆ. ರಾಜ ಗೊತ್ತಿಲ್ಲದೆ ಹೆಂಡತಿಯ ಮುಂದೆಯೇ ಮತ್ತೊಬ್ಬಳಿಗೆ ಹೇಳಬೇಕಾದ ಪ್ರೇಮದ ಮಾತೆಲ್ಲ ಹೇಳುತ್ತಾನೆ. ಎಂಥ ಕಲ್ಲುಮನಸ್ಸಿನವರೂ ನಗುತ್ತಾರೆ. ಸ್ವಲ್ಪ ಹೊತ್ತಿಗೆ ಸಾಗರಿಕೆ ಬಳ್ಳಿಯಲ್ಲಿ ಕುತ್ತಿಗೆಗೆ ಉರುಳು ಹಾಕಿಕೊಳ್ಳಲು ಹೊರಟಿರುತ್ತಾಳೆ. ನಗು ಇನ್ನೂ ಆರಿರುವುದಿಲ್ಲ.

‘ಮಾಲವಿಕಾಗ್ನಿಮಿತ್ರ’ದ ಕಿರಿಯ ರಾಣಿ ಇರಾವತಿಯನ್ನು ನೋಡಿ. ಮದ್ಯ ಕುಡಿದು, ಗಂಡನ ಜೊತೆ ಉಯ್ಯಾಲೆಯಾಡಲು ತೂರಾಡುತ್ತಾ ಬರುತ್ತಾಳೆ. ಅಶೋಕ ಮರದ ಬಳಿ ಅವನು ಹೊಸ ಹುಡುಗಿ ಮಾಲವಿಕೆಯೊಡನೆ ಇರುವುದು ಕಾಣುತ್ತದೆ. ಸೊಂಟದ ಪಟ್ಟಿ ಹಿಡಿದು ಹೊಡೆಯಲು ಹೋಗುತ್ತಾಳೆ. ರಾಜ ಅಗ್ನಿಮಿತ್ರ ಕಾಲಿಗೆ ಬೀಳುತ್ತಾನೆ, ಅವಳು ಒದರಿಕೊಂಡು ಹೊರಟುಹೋಗುತ್ತಾಳೆ. ಕಾಳಿದಾಸ ಇದನ್ನು ನಗುವಿಗೆಂದೇ ಬರೆದ, ನಾವೂ ನಗಿಸಲೆಂದೇ ಆಡುತ್ತೇವೆ. ಆ ನಾಟಕದ ಗಂಡುಹೆಣ್ಣಿನ ಲೆಕ್ಕ ಭಾಷೆಯಲ್ಲೇ ಇದೆ. ರಾಜ ಆಡುವುದು ಸಂಸ್ಕೃತ. ರಾಣಿಯರು, ಮಾಲವಿಕೆ, ದಾಸಿಯರು ಆಡುವುದು ಪ್ರಾಕೃತ. ವಿದೂಷಕ ಬ್ರಾಹ್ಮಣನಾದರೂ ಅವನಿಗೂ ಪ್ರಾಕೃತವೇ, ನಗೆಪಾಟಲಿನವನಲ್ಲವೇ! ಹೆಂಗಸರಲ್ಲಿ ಸಂಸ್ಕೃತ ಆಡುವವಳು ಪರಿವ್ರಾಜಕಿ ಕೌಶಿಕಿ, ಸಂಸಾರದಿಂದ ಆಚೆ ನಿಂತವಳು. ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯ ಮೇಲೆ ಎರಡು ಭಾಷೆ. ಕನ್ನಡಕ್ಕೆ ತರುವಾಗ ಎಲ್ಲರಿಗೂ ಒಂದೇ ಗ್ರಾಂಥಿಕ ಕನ್ನಡ ಕೊಟ್ಟು ನಾವು ಈ ಅಂತರವನ್ನು ಅಳಿಸಿಬಿಡುತ್ತೇವೆ. ಇರಾವತಿಗೆ ಧಾರವಾಡದ ಕನ್ನಡವನ್ನೋ ಮಂಡ್ಯದ ಕನ್ನಡವನ್ನೋ ಕೊಟ್ಟು, ಅಗ್ನಿಮಿತ್ರನಿಗೆ ಪುಸ್ತಕದ ಕನ್ನಡ ಬಿಟ್ಟರೆ ಅವಳ ಸಿಟ್ಟಿನ ಬಿಸಿ ತಟ್ಟುತ್ತದೆ ಎಂದು ನನ್ನ ಗುಮಾನಿ. ಯಾರಾದರೂ ಮಾಡಿ ನೋಡಿ.

ಕಂಪನಿ ನಾಟಕಗಳ ಮಾತೆತ್ತದಿದ್ದರೆ ಇಲ್ಲಿರುವ ಹಿರಿಯ ಕಲಾವಿದರು ನನ್ನನ್ನು ಬಿಡುವುದಿಲ್ಲ. ‘ಸದಾರಮೆ’ಯಲ್ಲಿ ಗುಬ್ಬಿ ವೀರಣ್ಣನವರ ಕಳ್ಳ ದಂತಕಥೆ. ಹೆಣ್ಣನ್ನು ಹೊತ್ತು ತಂದ ಕಳ್ಳ ಅವಳನ್ನೇ ಒಲಿಸಿಕೊಳ್ಳಲು ಹೆಣಗುವ ದೃಶ್ಯಕ್ಕೆ ತಲೆಮಾರುಗಳೇ ಹೊಟ್ಟೆ ಹಿಡಿದುಕೊಂಡು ನಕ್ಕಿವೆ. ಬರೀ ಕಥೆಯಾಗಿ ಹೇಳಿದರೆ ಅದು ಅಪಹರಣ. ರಂಗದ ಮೇಲೆ ನಗು ಬರುವುದು ಕಳ್ಳನ ದಡ್ಡತನದಿಂದ ಮತ್ತು ಸದಾರಮೆಯ ಜಾಣತನದಿಂದ. ಆಕೆ ಅವನನ್ನು ಏಮಾರಿಸುತ್ತಾಳೆ, ಗಂಡುವೇಷ ತೊಟ್ಟು ತನ್ನ ದಾರಿ ತಾನು ಹುಡುಕಿಕೊಳ್ಳುತ್ತಾಳೆ. ಸಿಲ್ವಿಯಾಳಿಗಿಂತ ಅವಳ ಪಾಲು ಎಷ್ಟೋ ವಾಸಿ.

ಗಂಡುವೇಷ ಎಂದಾಗ ‘ಟ್ವೆಲ್ಫ್ತ್ ನೈಟ್’ ನೆನಪಾಗದೆ ಇರದು. ಶೇಕ್ಸ್‌ಪಿಯರನ ಕಾಲದಲ್ಲಿ ಹೆಣ್ಣು ಪಾತ್ರಗಳನ್ನೆಲ್ಲ ಹುಡುಗರೇ ಮಾಡುತ್ತಿದ್ದರು. ಲಂಡನ್ನಿನ ರಂಗದ ಮೇಲೆ ನಟಿಯರು ಬಂದದ್ದು 1660ರಲ್ಲಿ. ಈ ನಾಟಕದ ನಾಯಕಿ ವಯೋಲಾ ಎಂದರೆ ಹುಡುಗಿಯ ವೇಷದ ಹುಡುಗ, ಆ ಹುಡುಗಿ ಹಾಕಿದ ಹುಡುಗನ ವೇಷ. ನಮ್ಮ ಯಕ್ಷಗಾನದ ಸ್ತ್ರೀವೇಷ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಡ್ಯೂಕ್ ಒರ್ಸಿನೋ ಕೊನೆಯಲ್ಲಿ ಅವಳನ್ನು ಮದುವೆಯಾಗಲು ಒಪ್ಪುತ್ತಾನೆ, ಆದರೆ ಅವಳು ಹೆಣ್ಣುಡುಗೆ ಉಟ್ಟು ಬಂದ ಮೇಲೆ. ಆ ಬಟ್ಟೆ ಇರುವುದು ಹಡಗಿನ ಕಪ್ತಾನನ ಬಳಿ. ಮಲ್ವೋಲಿಯೋ ಎಂಬವನು ಹಾಕಿದ ದಾವೆಯಿಂದ ಕಪ್ತಾನ ಜೈಲಿನಲ್ಲಿದ್ದಾನೆ. ಮಲ್ವೋಲಿಯೋ ಅವಮಾನದಿಂದ ಕುದಿಯುತ್ತಾ, ಸೇಡಿನ ಮಾತಾಡಿ ಈಗಷ್ಟೇ ಹೊರಗೆ ಹೋದ. ನಾಟಕ ಮುಗಿಯಿತು. ವಯೋಲಾ ಪ್ಯಾಂಟಿನಲ್ಲೇ ನಿಂತಿದ್ದಾಳೆ. ನಾಟಕಕಾರ ಬಟ್ಟೆಯ ವಿಷಯ ಮರೆತನೇ? ಇಷ್ಟು ವಿವರವಾಗಿ ಗಂಟು ಹಾಕಿದವನು ಮರೆತಿರುತ್ತಾನೆ ಎಂದು ನಾನು ನಂಬುವುದಿಲ್ಲ.

ಇಂಥ ನಾಟಕಗಳನ್ನು ಇನ್ನು ಆಡುವುದೇ ಬೇಡ ಎಂಬ ಸಲಹೆ ನಿನ್ನೆ ಬಂತು. ಸಂಭಾಷಣೆ ತಿದ್ದಿ, ಹೆಣ್ಣುಪಾತ್ರಗಳ ಬಾಯಲ್ಲಿ ಇಂದಿನ ಘೋಷಣೆ ಹಾಕಿ ಆಡೋಣ ಎಂಬುದು ಇನ್ನೊಂದು. ಎರಡಕ್ಕೂ ನನ್ನ ಒಪ್ಪಿಗೆ ಇಲ್ಲ. ಕಪಾಟಿಗೆ ಬೀಗ ಹಾಕಿದರೆ ಸಿಲ್ವಿಯಾಳ ಮೌನ ಕಪಾಟಿನೊಳಗೇ ಉಳಿಯುತ್ತದೆ. ನಾವು ಬರೆದ ಮಾತನ್ನು ಅವಳ ಬಾಯಿಗೆ ತುರುಕಿದರೆ ನಾವೂ ಥಿಯೊಬಾಲ್ಡನ ಕೆಲಸವನ್ನೇ ಮಾಡಿದ ಹಾಗೆ. ಅವಳು ಸುಮ್ಮನಿರುವುದು ಜನರಿಗೆ ಕಾಣುವಂತೆ ಮಾಡಬಹುದು. ಬೆಳಕನ್ನು ಸಂಧಾನ ಮಾಡುವ ಗಂಡಸರ ಮೇಲಿಂದ ತೆಗೆದು ಅವಳ ಮೇಲೆ ಹಾಕಲು ಖರ್ಚೇನೂ ಇಲ್ಲ.

ಇದನ್ನು ನಾನು ಕಲಿತದ್ದು ‘ಮೆಷರ್ ಫಾರ್ ಮೆಷರ್’ನಿಂದ. ಇಸಬೆಲ್ಲಾ ಸನ್ಯಾಸಿನಿಯಾಗಲು ಹೊರಟವಳು. ಅಣ್ಣನ ತಲೆ ಉಳಿಯಬೇಕಾದರೆ ನಿನ್ನ ಮೈ ಒಪ್ಪಿಸು ಎಂದ ಅಧಿಕಾರಿಯ ಎದುರು ನಿಂತು ಹೋರಾಡಿದವಳು. ಅಣ್ಣ ಬದುಕಿರುವುದನ್ನು ಅವಳಿಂದ ಮುಚ್ಚಿಟ್ಟಿದ್ದ ಡ್ಯೂಕ್ ಕೊನೆಯಲ್ಲಿ ತನ್ನನ್ನು ಮದುವೆಯಾಗೆಂದು ಕೇಳುತ್ತಾನೆ, ಒಂದಲ್ಲ ಎರಡು ಸಲ. ಶೇಕ್ಸ್‌ಪಿಯರ್ ಅವಳಿಗೆ ಉತ್ತರ ಬರೆದಿಲ್ಲ. ನೂರಾರು ವರ್ಷ ಅವಳು ನಗುನಗುತ್ತಾ ಡ್ಯೂಕನ ಕೈ ಹಿಡಿದಳು. 1970ರಲ್ಲಿ ಜಾನ್ ಬಾರ್ಟನ್ ರಾಯಲ್ ಶೇಕ್ಸ್‌ಪಿಯರ್ ಕಂಪನಿಗೆ ಮಾಡಿಸಿದ ಪ್ರಯೋಗದಲ್ಲಿ ಅವಳು ಒಪ್ಪದೆ ಒಬ್ಬಳೇ ರಂಗದ ಮೇಲೆ ಉಳಿದಳು. ಅದಕ್ಕಾಗಿ ಒಂದಕ್ಷರ ಬದಲಿಸಬೇಕಿರಲಿಲ್ಲ.

ನಾನು ಆ ನಾಟಕವನ್ನು ಕನ್ನಡದಲ್ಲಿ ಮಾಡಿಸಿದಾಗ ಇಸಬೆಲ್ಲಾ ಆದ ಹುಡುಗಿ ತಾಲೀಮಿನಲ್ಲಿ ದಿನಾ ಕೇಳುತ್ತಿದ್ದಳು, “ಮೇಡಂ, ಕೈ ಹಿಡೀಲೋ ಬೇಡ್ವೋ?” ನಾನು, “ಆ ಹೊತ್ತಿಗೆ ನಿನಗೆ ಏನನ್ನಿಸುತ್ತೋ ನೋಡಮ್ಮ” ಎಂದು ಜಾರಿಕೊಳ್ಳುತ್ತಿದ್ದೆ. ಮೂರು ಪ್ರದರ್ಶನ ಇತ್ತು. ಮೊದಲ ದಿನ ಕೈ ಹಿಡಿದಳು, ಚಪ್ಪಾಳೆ ಬಿತ್ತು. ಎರಡನೇ ದಿನ ಬೆನ್ನು ತಿರುಗಿಸಿ ಹೋದಳು, ಅದಕ್ಕೂ ಬಿತ್ತು. ಮೂರನೇ ದಿನ ಅವಳು ಡ್ಯೂಕ್ ಚಾಚಿದ ಕೈಯನ್ನೇ ನೋಡುತ್ತಾ ನಿಂತುಬಿಟ್ಟಳು. ಡ್ಯೂಕನ ಪಾತ್ರದ ಹುಡುಗ ಬೆವತ. ಸಭೆಯಲ್ಲಿ ಯಾರೋ ಕೆಮ್ಮಿದರು. ಲೈಟಿಂಗ್ ಹುಡುಗ ಕತ್ತಲು ಮಾಡುವುದೋ ಬಿಡುವುದೋ ತಿಳಿಯದೆ ವಿಂಗಿನಲ್ಲಿದ್ದ ನನ್ನ ಮುಖ ನೋಡಿದ. ನನಗೂ ಗೊತ್ತಾಗಲಿಲ್ಲ, ಹಾಗೇ ಇರಲಿ ಎಂದು ಕೈ ಮಾಡಿದೆ.