ಬಿಸಿಲಿಗೆ ಹರವಿದ ಅಣಬೆ

ಸುಮಾರು 800 ವರ್ಷಗಳ ಹಿಂದಿನ ಮಾತು. 1223ರಲ್ಲಿ ಜಪಾನಿನಿಂದ ಹಡಗು ಹತ್ತಿ ಚೀನಾಕ್ಕೆ ಹೋಗಿದ್ದ ದೋಗೆನ್ ಎಂಬ ತರುಣ ಬೌದ್ಧ ಭಿಕ್ಷು, ತಿಯಾನ್‌ತೊಂಗ್ ಮಠದಲ್ಲಿ ಒಂದು ಮಧ್ಯಾಹ್ನ ಊಟ ಮುಗಿಸಿ ಮೊಗಸಾಲೆಯಲ್ಲಿ ನಡೆದು ಬರುತ್ತಿದ್ದ. ಬುದ್ಧನ ಗುಡಿಯ ಮುಂದೆ ಮುದುಕರೊಬ್ಬರು ಅಣಬೆ ಒಣಗಿಸುತ್ತಿದ್ದರು. ಕೈಯಲ್ಲಿ ಬಿದಿರಿನ ಕೋಲು, ತಲೆಗೆ ಟೋಪಿಯಿಲ್ಲ. ನೆತ್ತಿ ಸುಡುವ ಬಿಸಿಲು, ಕಾಲಿಡಲಾಗದಷ್ಟು ಕಾದ ನೆಲ. ಬೆನ್ನು ಬಾಗಿದೆ, ಹುಬ್ಬು ಬೆಳ್ಳಗಾಗಿದೆ, ಮೈಯೆಲ್ಲ ಬೆವರು. ಅವರು ಆ ಮಠದ ಅಡುಗೆಯ ಹಿರಿಯರು, ವಯಸ್ಸು 68.

ಇಂಥ ಕೆಲಸಕ್ಕೆ ಆಳುಗಳಿಲ್ಲವೇ ಎಂದು ದೋಗೆನ್ ಕೇಳಿದ. ಬೇರೆಯವರು ಮಾಡಿದ್ದು ತಾನು ಮಾಡಿದ್ದಾಗುವುದಿಲ್ಲ ಎಂದರು ಹಿರಿಯರು. ಹೋಗಲಿ, ಈ ಉರಿಯಲ್ಲೇ ಯಾಕೆ ನಿಂತಿದ್ದೀರಿ ಎಂದಾಗ, ಇದು ಬಿಟ್ಟರೆ ಬೇರೆ ಹೊತ್ತು ಯಾವುದಿದೆ ಎಂದು ತಿರುಗಿ ಅವನನ್ನೇ ಕೇಳಿದರು. ದೋಗೆನ್ ಬಾಯಿ ಕಟ್ಟಿತು. ಜಪಾನಿಗೆ ಮರಳಿದ ಮೇಲೆ, 1237ರಲ್ಲಿ, ಮಠದ ಅಡುಗೆಯವರಿಗಾಗಿ 'ತೆಂಜೋ ಕ್ಯೋಕುನ್' ಎಂಬ ಪುಸ್ತಕ ಬರೆದಾಗ ಈ ಭೇಟಿಯನ್ನು ಮರೆಯದೆ ಸೇರಿಸಿದ. ಅಲ್ಲಿ ಒಣಗುತ್ತಿದ್ದದ್ದು ಪಾಚಿ ಎನ್ನುವ ಪಂಡಿತರೂ ಇದ್ದಾರೆ, ಅಣಬೆ ಎನ್ನುವವರೂ ಬಹಳ ಮಂದಿ. ಅಣಬೆಯನ್ನು ಪ್ರೀತಿಸುವವರು ಯಾವ ಕಡೆ ನಿಲ್ಲುತ್ತಾರೆಂದು ಬೇರೆ ಹೇಳಬೇಕಿಲ್ಲ.

ಝೆನ್ ಗುರುಗಳು ಇದನ್ನು ಸಾಧನೆಯ ಪಾಠವೆಂದು ಹೇಳುತ್ತಾರೆ. ಸರಿಯೇ. ಆದರೆ ಏಪ್ರಿಲ್ ತಿಂಗಳಲ್ಲಿ ತಾರಸಿಯ ಮೇಲೆ ಸಂಡಿಗೆ ಇಟ್ಟು ಕಾದು ಕೂತ ನಮ್ಮ ಅಜ್ಜಿಯಂದಿರಿಗೆ ಆ ಮಾತಿನಲ್ಲಿ ಒಗಟೇನೂ ಕಾಣದು. ಒಣಗುವ ಪದಾರ್ಥಕ್ಕೆ ಬೇಕಾದ್ದೇ ಆ ಬಿಸಿಲು. ಮಗುಚಿ ಹಾಕುವ ಹದ ಕೈಗೆ ಗೊತ್ತಿರುವವರೇ ಅಲ್ಲಿ ನಿಲ್ಲಬೇಕು.

ದೋಗೆನ್‌ಗೆ ಅದಕ್ಕೆ ಮೊದಲೇ ಇನ್ನೊಬ್ಬ ಅಡುಗೆ ಭಿಕ್ಷು ಸಿಕ್ಕಿದ್ದರು. ಅವನ ಹಡಗು ನಿಂಗ್ಬೋ ಬಂದರಿನಲ್ಲಿ ನಿಂತಿದ್ದಾಗ, ನಮ್ಮ ಅಶೋಕ ಚಕ್ರವರ್ತಿಯ ಹೆಸರು ಹೊತ್ತ ಅಯುವಾಂಗ್ ಮಠದಿಂದ 61 ವರ್ಷದ ಹಿರಿಯರೊಬ್ಬರು ಬಹಳ ದೂರ ನಡೆದು ಬಂದರು. ಮರುದಿನದ ಹಬ್ಬದಡುಗೆಗೆ ಜಪಾನಿನ ಸರಕು ಕೊಳ್ಳಬೇಕಿತ್ತು. ಆ ಸರಕು ಒಣ ಶಿಟಾಕೆ ಅಣಬೆ ಎಂದೇ ಜಪಾನಿನಲ್ಲಿ ಹೇಳುತ್ತಾರೆ. ಕೊಯ್ದ ನಾಲ್ಕಾರು ದಿನಕ್ಕೆ ಕೊಳೆಯುವ ಅಣಬೆ ಸಮುದ್ರ ದಾಟಿ ವ್ಯಾಪಾರಕ್ಕೆ ಬಂದದ್ದು ಒಣಗಿಸುವ ವಿದ್ಯೆಯಿಂದಲೇ.

ಚೀನಾದ ಝೆಜಿಯಾಂಗ್ ಪ್ರಾಂತ್ಯದ ಬೆಟ್ಟಗಳಲ್ಲಿ ಆ ಹೊತ್ತಿಗಾಗಲೇ ಶಿಟಾಕೆ ಬೆಳೆಸುತ್ತಿದ್ದರು. ವೂ ಸಾನ್‌ಗೊಂಗ್ ಎಂಬಾತ ಮರದ ದಿಮ್ಮಿಗೆ ಕಚ್ಚು ಹಾಕಿ ಅಣಬೆ ಎಬ್ಬಿಸುವುದನ್ನು ಕಂಡುಹಿಡಿದನೆಂದು ಅಲ್ಲಿನ ಐತಿಹ್ಯ. 1313ರಲ್ಲಿ ಕೃಷಿ ಗ್ರಂಥ ಬರೆದ ವಾಂಗ್ ಝೆನ್ ದಿಮ್ಮಿ, ಕಚ್ಚು, ಮಣ್ಣು, ನೀರು ಎಲ್ಲವನ್ನೂ ವಿವರಿಸಿ, ಬಿಸಿಲಲ್ಲಿ ಒಣಗಿಸುವ ವಿಷಯವನ್ನೂ ಬರೆದಿಟ್ಟಿದ್ದಾನೆ. ಆಮೇಲಿನ ಶತಮಾನಗಳಲ್ಲಿ ಹೇಳುವಂಥದ್ದು ಕಡಿಮೆ. ಜಪಾನಿನಲ್ಲೂ ದಿಮ್ಮಿಗೆ ಮಚ್ಚಿನೇಟು ಹಾಕುವುದು, ಗಾಳಿಯಲ್ಲಿ ತೇಲಿ ಬರುವ ಬೀಜಾಣುವಿಗಾಗಿ ಕಾಯುವುದು, ಇಷ್ಟೇ. ಬಂದರೆ ಬೆಳೆ, ಬಾರದಿದ್ದರೆ ಸಾಲ.

ಆ ಸಾಲದ ನೋವನ್ನು ಕಣ್ಣಾರೆ ಕಂಡವನು ಮೋರಿ ಕಿಸಾಕು. ಕ್ಯೋಟೋದಲ್ಲಿ ಓದುತ್ತಿದ್ದಾಗ ಓಯಿತಾ ಪ್ರಾಂತ್ಯದ ಹಳ್ಳಿಯೊಂದರಲ್ಲಿ ಬಡ ರೈತನೊಬ್ಬ ಸಾಲಾಗಿ ಒರಗಿಸಿದ ದಿಮ್ಮಿಗಳಿಗೆ ಕೈಮುಗಿದು ಅಣಬೆ ಏಳಲೆಂದು ಬೇಡಿಕೊಳ್ಳುವುದನ್ನು ಆತ ನೋಡಿದ. ಆ ದೃಶ್ಯ ಅವನನ್ನು ಬಿಡಲಿಲ್ಲ. ವರ್ಷಗಟ್ಟಲೆ ದುಡಿದು, ಅಣಬೆಯ ಶುದ್ಧ ಬಿತ್ತನೆಯನ್ನು ಪುಟ್ಟ ಮರದ ಬೆಣೆಗಳಲ್ಲಿ ಬೆಳೆಸಿ, ಆ ಬೆಣೆಯನ್ನು ದಿಮ್ಮಿಗೆ ಹೊಡೆಯುವ ವಿಧಾನವನ್ನು 1942ರಲ್ಲಿ ಸಾಧಿಸಿದ. ಒಣ ಶಿಟಾಕೆ ಜಪಾನಿನ ಮನೆಮನೆಯ ಡಬ್ಬಿ ಸೇರಿದ್ದರ ಹಿಂದೆ ಈ ಬೆಣೆಯಿದೆ. ಓಯಿತಾ ಇವತ್ತು ಆ ದೇಶದಲ್ಲಿ ಅತಿ ಹೆಚ್ಚು ಒಣ ಶಿಟಾಕೆ ತಯಾರಿಸುವ ಸೀಮೆ.

ಒಣಗಿಸುವುದೆಂದರೆ ಕೆಡದಂತೆ ಕಾಪಾಡುವುದು ಮಾತ್ರ ಎಂದುಕೊಂಡರೆ ಅರ್ಧ ಕಥೆ ಕೈತಪ್ಪಿದಂತೆ. ಹಸಿ ಶಿಟಾಕೆಗೆ ಇಲ್ಲದ ಗಾಢ ಪರಿಮಳ ಒಣಗಿಸಿ ನೆನೆಸಿದಾಗ ಹುಟ್ಟುತ್ತದೆ. ರುಚಿಯೂ ಹಾಗೆಯೇ. ಯಾಮಾಸಾ ಸೋಯಾ ಸಾಸ್ ಕಂಪನಿಯ ಸಂಶೋಧಕ ಅಕಿರ ಕುನಿನಾಕ 1950ರ ದಶಕದ ಕೊನೆಯಲ್ಲಿ ಗ್ವಾನಿಲೇಟ್ ಎಂಬ ಅಂಶದ ರುಚಿಯನ್ನು ಗುರುತಿಸಿದ. ಒಣ ಶಿಟಾಕೆಯಲ್ಲಿರುವುದು ಅದೇ. ಕೊಂಬು ಎಂಬ ಸಮುದ್ರದ ಪಾಚಿಯಲ್ಲಿ ಕಿಕುನೇ ಇಕೆಡ 1908ರಲ್ಲಿ ಕಂಡುಕೊಂಡಿದ್ದ ಗ್ಲುಟಮೇಟ್ ಜೊತೆ ಇದು ಸೇರಿದರೆ ಎರಡರ ರುಚಿಯೂ ಹಲವು ಪಟ್ಟು ಏರುತ್ತದೆ. ಮೀನು ಮುಟ್ಟದ ಬೌದ್ಧ ಮಠಗಳ ಅಡುಗೆಯವರು ಇವೆರಡನ್ನೂ ಒಂದೇ ಪಾತ್ರೆಗೆ ಹಾಕಿ ಶತಮಾನಗಳಿಂದ ಸಾರು ಮಾಡುತ್ತ ಬಂದಿದ್ದರು. ಪ್ರಯೋಗಶಾಲೆ ಹೇಳುವ ಎಷ್ಟೋ ಕಾಲ ಮೊದಲೇ ಅವರ ನಾಲಿಗೆ ಇದನ್ನು ಕಂಡುಕೊಂಡಿತ್ತೆಂಬುದು ಮೈ ಜುಮ್ಮೆನ್ನಿಸುವ ಸಂಗತಿ.

ಬಿಸಿಲಿನ ಕೊಡುಗೆ ಇನ್ನೊಂದಿದೆ. ಅಣಬೆಯಲ್ಲಿರುವ ಎರ್ಗೊಸ್ಟೆರಾಲ್ ಬಿಸಿಲು ಕಂಡಾಗ ಡಿ2 ಜೀವಸತ್ವವಾಗುತ್ತದೆ. ಛತ್ರಿಯ ಕೆಳಗಿನ ಎಸಳುಗಳು ಆಕಾಶ ನೋಡುವಂತೆ ಮಗುಚಿಟ್ಟರೆ ಇನ್ನೂ ಚೆನ್ನ. ಈಗ ಬಹುಪಾಲು ಅಣಬೆ ಯಂತ್ರದ ಬಿಸಿಗಾಳಿಯಲ್ಲೇ ಒಣಗುತ್ತಿದೆ. ಕೆಲಸ ಬೇಗ ಆಗುತ್ತದೆ, ಈ ಲಾಭ ಮಾತ್ರ ತಪ್ಪಿಹೋಗುತ್ತದೆ. ಬೇಸರದ ಮಾತೇ.

ಕರ್ನಾಟಕದ ಕಥೆ ಬೇರೆ. ಬಾಳಕ, ಹಪ್ಪಳ, ಸಂಡಿಗೆ, ಒಣಮೀನು ಎಲ್ಲದರಲ್ಲೂ ಪಳಗಿದ ಕೈಗಳು ಅಣಬೆಯನ್ನು ಮಾತ್ರ ಹೆಚ್ಚಾಗಿ ತಂದ ದಿನವೇ ಸಾರು ಮಾಡಿ ಮುಗಿಸಿದವು. ಮಲೆನಾಡು, ಕರಾವಳಿ, ಕೊಡಗಿನಲ್ಲಿ ಹುತ್ತದ ಅಣಬೆ ಏಳುವುದು ಮಳೆಗಾಲದಲ್ಲಿ, ಬಿಸಿಲು ಕಾಣದ ಹೊತ್ತಿನಲ್ಲಿ. ಈಗ ಚಿಪ್ಪಣಬೆ ಕೊಟ್ಟಿಗೆಯಲ್ಲೂ ಕೋಣೆಯಲ್ಲೂ ಬೆಳೆಯುತ್ತಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅದರ ಬಿತ್ತನೆ ಕೊಡುತ್ತದೆ, ತರಬೇತಿಯನ್ನೂ ಕೊಡುತ್ತದೆ. ತೆಳುವಾದ ಚಿಪ್ಪಣಬೆ ಒಣಗಿಸುವುದಕ್ಕೆ ಹೇಳಿ ಮಾಡಿಸಿದಂಥದ್ದು. ಮಾರಾಟವಾಗದೆ ಉಳಿದದ್ದನ್ನು ತಿಪ್ಪೆಗೆ ಸುರಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಾಡುವುದು ಕಷ್ಟವೇನಲ್ಲ. ಅಣಬೆಯಲ್ಲಿ ನೂರಕ್ಕೆ ಸುಮಾರು 90 ಪಾಲು ನೀರೇ, ಆದ್ದರಿಂದ ತೊಳೆಯದೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಚಿಪ್ಪಣಬೆಯನ್ನು ಉದ್ದಕ್ಕೆ ಸೀಳಿ, ಬಟನ್ ಅಣಬೆಯಾದರೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ, ಒಂದರ ಮೇಲೊಂದು ಬೀಳದಂತೆ ಮೊರದಲ್ಲಿ ಹರವಿ ತೆಳು ಬಟ್ಟೆ ಹೊದಿಸಬೇಕು. ಇಬ್ಬನಿ ಬೀಳುವ ಮುನ್ನ ಒಳಗೆ ತರಬೇಕು. ಮುರಿದರೆ ಪಟ್ಟೆಂದು ಸದ್ದಾಗಬೇಕು. ಬಾಗಿದರೆ ಒಳಗೆ ನೀರಿದೆ, ಡಬ್ಬಿಯಲ್ಲಿ ಬೂಷ್ಟು ಬರುವುದು ಖಂಡಿತ. ಒಂದು ಕಿಲೋ ಹಸಿ ಅಣಬೆ 100 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಪೂರ್ತಿ ಆರಿದ ಮೇಲೆ ಗಾಳಿಯಾಡದ ಗಾಜಿನ ಬಾಟಲಿಗೆ ತುಂಬಿ ಕತ್ತಲಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡದು. ಮಳೆಗಾಲದಲ್ಲಿ ಮುಚ್ಚಳ ತೆಗೆದಷ್ಟೂ ಮೆತ್ತಗಾಗುತ್ತದೆ, ಅದಕ್ಕೇ ಚಿಕ್ಕ ಬಾಟಲಿಗಳೇ ಮೇಲು. ಒಂದು ಎಚ್ಚರ: ಒಣಗಿಸಿದರೆ ವಿಷದ ಅಣಬೆಯ ವಿಷ ಹೋಗುವುದಿಲ್ಲ. ಗುರುತಿಲ್ಲದ ಕಾಡಣಬೆಯನ್ನು ಮೊರಕ್ಕೆ ಹಾಕಲೇಬಾರದು.

ಬಳಸುವಾಗ ಅವಸರ ಬೇಡ. ಒಣ ಶಿಟಾಕೆಯನ್ನು ಬಿಸಿನೀರಿಗೆ ಹಾಕುವುದಕ್ಕಿಂತ ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ ಫ್ರಿಜ್ಜಿನಲ್ಲಿಟ್ಟು, ಮರುದಿನ ಆ ನೀರಿನ ಸಮೇತ ನಿಧಾನವಾಗಿ ಕಾಯಿಸಿದರೆ ರುಚಿ ಪೂರ್ತಿ ಬಿಡುತ್ತದೆ. ಚಿಪ್ಪಣಬೆಯಾದರೆ ಅರ್ಧ ಗಂಟೆ ನೆನೆದರೆ ಸಾಕು, ಇಲ್ಲವೇ ಹುರಿದು ಪುಡಿ ಮಾಡಿ ಚಟ್ನಿಪುಡಿಗೆ ಬೆರೆಸಬಹುದು. ನೆನೆಸಿದ ನೀರನ್ನು ಚೆಲ್ಲಬೇಡಿ. ತಳದ ಮಣ್ಣನ್ನು ಅಲ್ಲೇ ಬಿಟ್ಟು ಮೇಲಿನ ತಿಳಿಯನ್ನು ಬಸಿದು ಸಾರಿಗೆ ಹಾಕಿ.