ಬಾಲರ ಕೈಗೆ ಕೊಡತಕ್ಕ ಕಾದಂಬರಿಗಳು

(ಹಟ್ಟಿಯಂಗಡಿಯಲ್ಲಿ ಪೋಷಕರ ಸಭೆಯ ಮುಂದೆ ನಡೆದ ಉಪನ್ಯಾಸ)



ತೊಟ್ಟಿಲ ಕೂಸಿಗೆ ಜೋಗುಳವಿರುವುದು. ಐದಾರು ವರ್ಷದ ಶಿಶುವಿಗೆ ಅಜ್ಜಿಯ ಕಥೆಯಿರುವುದು. ಪ್ರಾಯಕ್ಕೆ ಬಂದವರಿಗೆ ಪುರಾಣ, ಕಾವ್ಯ, ಕಾದಂಬರಿಗಳ ಭಂಡಾರವೇ ಇರುವುದು. ನಡುವಣ ಒಂಬತ್ತರಿಂದ ಹದಿಮೂರು ವರ್ಷದ ಬಾಲಕ ಬಾಲಿಕೆಯರಿಗೆ ಏನಿದೆ? ಗುಬ್ಬಚ್ಚಿಯ ಕಥೆಯನ್ನು ಕೇಳಲು ಅವರಿಗೆ ನಾಚಿಕೆ. ಹಿರಿಯರ ಗ್ರಂಥವು ಅವರ ತೋಳಿಗೂ ಭಾರ, ಬುದ್ಧಿಗೂ ಭಾರ. ಈ ಐದು ವರ್ಷಗಳಲ್ಲಿ ಕನ್ನಡದ ಪುಸ್ತಕವು ಕೈತಪ್ಪಿತೆಂದರೆ ಅದು ಮರಳಿ ಕೈಗೆ ಬರುವುದು ದುರ್ಲಭ. ಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮ, ಮನೆಯಲ್ಲಿ ಮೊಬೈಲ್ ಫೋನು. ಹೀಗಿರಲು, ಮನೆಮಾತನ್ನು ಲೀಲಾಜಾಲವಾಗಿ ಆಡಬಲ್ಲ, ಆದರೆ ಒಂದು ಪುಟವನ್ನು ತಡೆಯಿಲ್ಲದೆ ಓದಲಾರದ ಮಕ್ಕಳು ಮನೆಮನೆಯಲ್ಲಿ ಕಾಣಬರುತ್ತಿರುವರು. ಇಂದು ಕಥೆಯ ಪುಸ್ತಕವನ್ನೇ ಓದಲಾರದ ಬಾಲಕನು ನಾಳೆ ವಚನದ ಕಟ್ಟನ್ನು ಬಿಚ್ಚುವನೆಂದು ನಂಬುವುದೆಂತು? ಪೂಜಿಸುವವರುಳಿದು ಓದುವವರಿಲ್ಲದ ಗ್ರಂಥಕ್ಕೆ ಗತಿಯೇನು? ಪ್ರಕೃತ ವಿಷಯದ ಗೌರವವು ಇದರಲ್ಲಿಯೇ ಅಡಗಿರುವುದು.

'ಕಾದಂಬರಿಯೆಂದರೆ ಸುಳ್ಳು, ಸುಳ್ಳನ್ನು ಮಕ್ಕಳ ಕೈಗೆ ಕೊಡುವುದೆ?' ಎಂದು ಆಕ್ಷೇಪಿಸುವ ಹಿರಿಯರುಂಟು. ಆಕ್ಷೇಪವು ಸದ್ಭಾವದಿಂದ ಬಂದುದಾದ ಕಾರಣ ಉತ್ತರಕ್ಕೆ ಯೋಗ್ಯವಾಗಿದೆ. ಕಾದಂಬರಿ ಎಂಬುದು ಬಾಣಕವಿಯ ಸಂಸ್ಕೃತ ಗದ್ಯಕಾವ್ಯದ ನಾಯಿಕೆಯ ಹೆಸರು. ನಾಗವರ್ಮನು ಅದನ್ನು ಕನ್ನಡಕ್ಕೆ ತಂದನು. ಕಾಲಾಂತರದಲ್ಲಿ ಒಬ್ಬಳ ಹೆಸರು ಇಡೀ ಸಾಹಿತ್ಯಪ್ರಕಾರದ ಹೆಸರಾಯಿತು. ಆ ಕಾವ್ಯದಲ್ಲಿ ರಾಜಸಭೆಯ ಮುಂದೆ ಕಥೆಯನ್ನು ಹೇಳುವುದು ಒಂದು ಗಿಳಿ! ಗಿಳಿಯು ಮಾತನಾಡಿತೆಂಬುದು ಸುಳ್ಳೆಂದು ಪಂಡಿತರು ಆ ಗ್ರಂಥವನ್ನು ತ್ಯಜಿಸಲಿಲ್ಲ. ಪಂಚತಂತ್ರದ ವಿಷ್ಣುಶರ್ಮನು ರಾಜಕುಮಾರರಿಗೆ ನೀತಿಯನ್ನು ಸೂತ್ರರೂಪದಲ್ಲಿ ಬೋಧಿಸದೆ ಸಿಂಹ, ನರಿ, ಕಾಗೆಗಳ ಬಾಯಿಂದ ಬೋಧಿಸಿದನು. ಹರಿಹರನು ಕುಂಬಾರ ಗುಂಡಯ್ಯನ ರಗಳೆಯಲ್ಲಿ ಮಡಕೆ ಬಡಿವ ಸದ್ದಿಗೆ ಶಿವನು ಕುಣಿದುದನ್ನು ವರ್ಣಿಸುವಾಗ, ಕೇಳುವವರು ಮಡಕೆಯ ಲೆಕ್ಕವನ್ನು ಕೇಳರು. ಕಾಯಕದ ಮಹಿಮೆಯನ್ನು ಕಾಣುವರು. ವಂಚಿಸುವ ಉದ್ದೇಶದಿಂದ ನುಡಿದುದು ಸುಳ್ಳು. ಕಲ್ಪನೆಯೆಂದು ಹೇಳುವವನೂ ಕೇಳುವವನೂ ಬಲ್ಲ ಕಥೆಯು ಸುಳ್ಳಲ್ಲ.

ಸಣ್ಣ ಕಥೆಯಿರಲು ಕಾದಂಬರಿಯೇ ಏತಕ್ಕೆ ಎಂದರೆ, ಸಣ್ಣ ಕಥೆಯು ದಾರಿಯಲ್ಲಿ ಸಿಕ್ಕ ಪರಿಚಯ, ಕಾದಂಬರಿಯು ಮನೆಯಲ್ಲಿ ಹತ್ತು ದಿನ ತಂಗಿದ ನೆಂಟ. ಒಬ್ಬನ ಸುಖದುಃಖವನ್ನು ನೂರು ಪುಟಗಳವರೆಗೆ ಹೊತ್ತು ನಡೆಯುವುದರಿಂದ ಬಾಲಕನಿಗೆ ತಾಳ್ಮೆಯೂ ಪರರ ಎದೆಯೊಳಗಿನ ಅರಿವೂ ಒದಗುವುವು. ಈ ಸೀಮೆಯವರಿಗೆ ಇದು ಹೊಸತಲ್ಲ. ರಾತ್ರಿಯಿಡೀ ನಡೆಯುವ ಬಯಲಾಟದ ಮುಂದೆ ಮಕ್ಕಳು ಕುಳಿತು, ಒಂದೇ ಪ್ರಸಂಗವನ್ನು ಬೆಳಗಿನವರೆಗೆ ಹಿಂಬಾಲಿಸುತ್ತಿದ್ದರು. ಅವರಿಗೆ ದೀರ್ಘ ಕಥೆಯನ್ನು ತಾಳುವ ಶಕ್ತಿಯನ್ನು ಅದೇ ಕೊಟ್ಟಿತು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಬರುವ ಮಳೆಗಾಲದ ಸಂಜೆಗಳು ಪುಸ್ತಕಕ್ಕೆ ಹೇಳಿ ಮಾಡಿಸಿದಂತಿರುವುವು.

ಕರಾವಳಿಯು ಈ ವಿಷಯದಲ್ಲಿ ಹಿಂದುಳಿದುದಲ್ಲ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'ಯು ೧೮೯೯ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಗಿ ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆನಿಸಿತು. ಪಂಜೆ ಮಂಗೇಶರಾಯರು ೧೯೨೧ರಲ್ಲಿ ಬಾಲಸಾಹಿತ್ಯ ಮಂಡಲವನ್ನು ಆರಂಭಿಸಿದರು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ೧೯೩೬ರಲ್ಲಿ 'ಬಾಲಪ್ರಪಂಚ'ದ ಮೂರು ಸಂಪುಟಗಳಲ್ಲಿ ಲೋಕಜ್ಞಾನವನ್ನು ಮಕ್ಕಳ ಮುಂದೆ ಹರವಿದರು. ಪದ್ಯ ಬಂದಿತು, ಕಥೆ ಬಂದಿತು, ವಿಜ್ಞಾನ ಬಂದಿತು. ಮಕ್ಕಳಿಗಾಗಿಯೇ ಬರೆದ ಕಾದಂಬರಿಯು ಮಾತ್ರ ತಡವಾಗಿ ಬೆಳೆಯಿತು. ಈಗ ಆ ಕೊರತೆಯು ನೀಗುತ್ತಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರವು ೨೦೨೧, ೨೦೨೨, ೨೦೨೩ ಈ ಮೂರು ವರ್ಷಗಳಲ್ಲಿ ಸತತವಾಗಿ ಕನ್ನಡದ ಕಾದಂಬರಿಗಳಿಗೆ ಸಂದಿರುವುದು ಇದಕ್ಕೆ ಸಾಕ್ಷಿ.

ಇನ್ನು ಗ್ರಂಥಗಳ ವಿಚಾರ. ಮೊದಲ ಮೆಟ್ಟಿಲಿಗೆ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್' ಯೋಗ್ಯವಾದುದು. ೨೦೨೩ರ ಪುರಸ್ಕಾರ ಇದಕ್ಕೇ ಸಂದಿತು. ಹಟ್ಟಿಯಂಗಡಿಯ ಬದಿಯಲ್ಲಿ ಹರಿವ ವಾರಾಹಿಗೆ ಹಾಲಾಡಿ ಹೊಳೆಯೆಂದೂ ಹೆಸರು. ಅದೇ ಹೊಳೆಯ ಮೇಲ್ದಂಡೆಯ ಊರಿನ ಹೆಸರನ್ನು ಹೊತ್ತ ಲೇಖಕಿಯೊಬ್ಬರು ಮಕ್ಕಳಿಗಾಗಿ ಬರೆದಿರುವರೆಂಬುದೇ ಇಲ್ಲಿಯ ಮಗುವಿಗೆ ದೊಡ್ಡ ಪಾಠ. ಪುಸ್ತಕವೆಂಬುದು ದೂರದ ಪಟ್ಟಣದಲ್ಲಿ ಹುಟ್ಟುವ ವಸ್ತುವಲ್ಲ, ತನ್ನ ಹೊಳೆ, ತನ್ನ ಗದ್ದೆಗಳಿಗೂ ಅದರಲ್ಲಿ ಸ್ಥಾನವುಂಟು ಎಂಬ ಧೈರ್ಯವು ಅದಕ್ಕೆ ಉಂಟಾಗುವುದು. ಇದರ ಜೊತೆಗೆ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'ಯನ್ನಿಡಬಹುದು. ಕತ್ತಲೆಯನ್ನೂ ಗುಹೆಯನ್ನೂ ಬಯಸುವುದು ಆ ವಯಸ್ಸಿನ ಧರ್ಮ.

ಎರಡನೆಯ ಮೆಟ್ಟಿಲಿಗೆ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ'. ಹೆಸರನ್ನು ಕೇಳಿದೊಡನೆ ತಂದೆತಾಯಿಗಳು ಹುಬ್ಬು ಗಂಟಿಕ್ಕಬಹುದು. ಆದರೆ ಮನೆಯನ್ನು ಬಿಟ್ಟು ಓಡುವ ಯೋಚನೆಯು ಬೈಸಿಕೊಂಡ ದಿನ ಯಾವ ಬಾಲಕನಿಗೆ ಹೊಳೆಯದು? ಅದನ್ನು ಪುಸ್ತಕದಲ್ಲಿ ಕಂಡವನಿಗೆ ತಾನೊಬ್ಬನೇ ಅಂಥವನಲ್ಲವೆಂಬ ಸಮಾಧಾನವಾಗುವುದು. ಆ ಮಾತನ್ನು ಹಿರಿಯರೊಡನೆ ಆಡಲು ದಾರಿಯೂ ತೆರೆಯುವುದು. ಬಾಯಿಮುಚ್ಚಿಸಿದ ಯೋಚನೆಗಿಂತ ಬಾಯಿಬಿಟ್ಟ ಯೋಚನೆಯೇ ಕ್ಷೇಮಕರ.

ಅದರ ಪಕ್ಕದಲ್ಲಿ ನಾ. ಡಿಸೋಜರ 'ಮುಳುಗಡೆಯ ಊರಿಗೆ ಬಂದವರು' ಇರತಕ್ಕುದು. ಇದಕ್ಕೆ ೨೦೧೧ರಲ್ಲಿ ಇದೇ ಪುರಸ್ಕಾರ ಸಂದಿತು. ಶರಾವತಿಯ ಅಣೆಕಟ್ಟಿನಿಂದ ನೆಲೆ ಕಳೆದುಕೊಂಡವರ ಬಾಳನ್ನು ಡಿಸೋಜರು ಆಯುಷ್ಯವೆಲ್ಲ ಬರೆದರು. ವಾರಾಹಿಯ ಕಥೆಯೂ ಬೇರೆಯಲ್ಲ: ಘಟ್ಟದ ಮೇಲೆ ಮಾಣಿಯಲ್ಲಿ ಅಣೆಕಟ್ಟು, ಘಟ್ಟದ ಕೆಳಗೆ ಹೊಸಂಗಡಿಯಲ್ಲಿ ಭೂಗರ್ಭದ ವಿದ್ಯುದಾಗಾರ. ದೀಪದ ಬೆಳಕಿನಲ್ಲಿ ಓದುವ ಮಗುವು ಆ ಬೆಳಕಿಗಾಗಿ ಯಾರ ಅಂಗಳವು ನೀರಿನಡಿಗೆ ಹೋಯಿತೆಂದು ಒಮ್ಮೆಯಾದರೂ ಕೇಳಬೇಡವೆ? ದಯೆಯನ್ನು ಉಪದೇಶಿಸುವುದು ಸುಲಭ. ದಯೆ ಹುಟ್ಟುವ ಸಂದರ್ಭವನ್ನು ಒದಗಿಸುವುದು ಕಥೆಗಾರನ ಕೆಲಸ.

ಹೊರಗಿನಿಂದ ಬಂದವುಗಳಲ್ಲಿ ಎರಡನ್ನು ಹೆಸರಿಸಬೇಕು. ಆರ್. ಕೆ. ನಾರಾಯಣರು ೧೯೩೫ರಲ್ಲಿ ಇಂಗ್ಲಿಷಿನಲ್ಲಿ ಬರೆದ ಸ್ವಾಮಿ ಮತ್ತು ಅವನ ಸ್ನೇಹಿತರ ಕಥೆಯು ಕನ್ನಡಕ್ಕೆ ಬಂದಿದೆ. ಲೆಕ್ಕದ ಭಯ, ಕ್ರಿಕೆಟ್ಟಿನ ಹುಚ್ಚು, ಗೆಳೆಯನ ಅಗಲಿಕೆ, ಇವು ಯಾವ ಊರಿನವಲ್ಲ? ಜಪಾನಿನ ತೆತ್ಸುಕೊ ಕುರೊಯಾನಗಿಯ 'ತೊತ್ತೊಚಾನ್' (೧೯೮೧) ಕಟ್ಟುಕಥೆಯಲ್ಲ, ಬಾಲ್ಯದ ಸ್ಮರಣೆ; ಆದರೂ ಕಾದಂಬರಿಯಂತೆ ಓದಿಸಿಕೊಳ್ಳುವುದು. ಒಂದು ಶಾಲೆಯಿಂದ ಹೊರಹಾಕಲ್ಪಟ್ಟ ತುಂಟ ಬಾಲಿಕೆಯನ್ನು ರೈಲುಡಬ್ಬಿಗಳೇ ತರಗತಿಗಳಾದ ಮತ್ತೊಂದು ಶಾಲೆಯ ಮುಖ್ಯೋಪಾಧ್ಯಾಯ ಕೊಬಾಯಾಶಿಯವರು ಗಂಟೆಗಟ್ಟಲೆ ಮಾತನಾಡಗೊಟ್ಟು ಕೇಳಿದರು. ಆ ಶಾಲೆಯು ೧೯೪೫ರ ಬಾಂಬಿನ ದಾಳಿಯಲ್ಲಿ ಸುಟ್ಟುಹೋಯಿತು. ಗುರುವಿನ ಆ ಕೇಳುವಿಕೆಯು ಸುಟ್ಟುಹೋಗಲಿಲ್ಲ. ಈ ಪುಸ್ತಕವನ್ನು ಮಕ್ಕಳಿಗಿಂತ ಮೊದಲು ಉಪಾಧ್ಯಾಯರು ಓದುವುದು ಲೇಸು.

ಹದಿಮೂರು ದಾಟುವ ಹೊತ್ತಿಗೆ ಕಾರಂತರ 'ಬೆಟ್ಟದ ಜೀವ'ವನ್ನು (೧೯೪೩) ಕೈಗಿಡಬಹುದು. ಸುಬ್ರಹ್ಮಣ್ಯದ ಕಾಡಿನಂಚಿನಲ್ಲಿ ತೋಟ ಕಟ್ಟಿದ ಗೋಪಾಲಯ್ಯ, ಮಗನ ದಾರಿ ಕಾಯುವ ಶಂಕರಮ್ಮ, ಇವರ ಮನೆಯಿಂದ ಹೊರಬಂದ ಬಾಲಕನು ತನ್ನ ಅಜ್ಜ ಅಜ್ಜಿಯರನ್ನು ಬೇರೆ ಕಣ್ಣಿನಿಂದ ನೋಡುವನು. ಅಲ್ಲಿಂದ ಮುಂದೆ ದೊಡ್ಡವರ ಸಾಹಿತ್ಯದ ಬಾಗಿಲು ತಾನಾಗಿ ತೆರೆಯುವುದು. 'ಚೋಮನ ದುಡಿ'ಗೆ ಇನ್ನೆರಡು ವರ್ಷ ಕಾಯುವುದು ಒಳ್ಳೆಯದು. ಆ ದುಃಖಕ್ಕೆ ಎದೆಯು ಸಿದ್ಧವಾಗಿರಬೇಕು.

ಪುಸ್ತಕವನ್ನು ಕೊಟ್ಟ ಮೇಲೆ ಪೋಷಕರು ವರ್ಜಿಸತಕ್ಕವು ಮೂರು. ಓದಿ ಮುಗಿಸಿದೊಡನೆ 'ನೀತಿಯೇನು?' ಎಂದು ಪರೀಕ್ಷಿಸಬಾರದು. ಉಂಡವನ ಹೊಟ್ಟೆಯನ್ನು ಅಳೆಯುವಂತಹುದು ಅದು. ರುಚಿಸದ ಪುಸ್ತಕವನ್ನು ಬಲಾತ್ಕಾರದಿಂದ ಮುಗಿಸಹೇಳಬಾರದು; ಬದಲಿಸಿ ಕೊಡಬೇಕು. ತಾವು ಫೋನನ್ನು ಹಿಡಿದು ಕುಳಿತು ಮಕ್ಕಳಿಗೆ 'ಓದು' ಎನ್ನಬಾರದು. ಮಾಡತಕ್ಕುದು ಒಂದೇ: ರಾತ್ರಿ ಊಟವಾದ ಮೇಲೆ ಮನೆಯವರಲ್ಲೊಬ್ಬರು ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುವುದು. ಅಕ್ಷರ ಬಾರದ ಅಜ್ಜಿಯೂ ಕೇಳುವಳು. ಕುಂದಗನ್ನಡದಲ್ಲಿ ಅವಳು ಸೇರಿಸುವ ಟೀಕೆಯು ಮೂಲದಷ್ಟೇ ಸ್ವಾರಸ್ಯವಾಗಿರುವುದು.

ವೆಚ್ಚದ ಮಾತನ್ನು ಆಡುವವರಿಗೆ ಗ್ರಾಮ ಪಂಚಾಯತಿ ಗ್ರಂಥಾಲಯವಿದೆ. ೨೦೨೦ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮವು ಆ ಬಾಗಿಲನ್ನು ಮಕ್ಕಳಿಗೆ ಉಚಿತವಾಗಿ ತೆರೆಯಿತು. ಕಪಾಟಿನಲ್ಲಿ ಮಕ್ಕಳ ಪುಸ್ತಕವಿಲ್ಲದಿದ್ದರೆ ಅದನ್ನು ತುಂಬುವುದು ಉಳ್ಳವರ ಕರ್ತವ್ಯ. ಹಸಿದವನಿಗೆ ಅನ್ನವಿಕ್ಕುವುದನ್ನು ದಾಸೋಹವೆಂದರಿತ ಸಮಾಜಕ್ಕೆ, ಹತ್ತು ವರ್ಷದ ಮನಸ್ಸಿಗೂ ಹಸಿವುಂಟೆಂದು ಹೆಚ್ಚು ಹೇಳಬೇಕಾಗಿಲ್ಲ. ಮಕ್ಕಳ ಹುಟ್ಟುಹಬ್ಬಕ್ಕೆ, ಮನೆಯ ಶುಭಕಾರ್ಯಕ್ಕೆ ಒಂದೊಂದು ಪುಸ್ತಕವು ಆ ಕಪಾಟಿಗೆ ಸೇರಲಿ. ಮಕ್ಕಳು ಬಂದು ಕೇಳಿದಾಗ ಕೀಲಿಕೈ ಸಿಕ್ಕುವ ಸ್ಥಳದಲ್ಲಿರಲಿ. ಸರ್ವರಿಗೂ ಮಂಗಳವಾಗಲಿ.