ಹೂ ಚಿವುಟುವ ಕೈ

ಬೆಂಗಳೂರಿನ ಕೆ.ಆರ್. ಪುರದ ಪಕ್ಕದ ದೂರವಾಣಿನಗರ 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ) ಕಾರ್ಖಾನೆಯ ಸುತ್ತ ಬೆಳೆದ ಊರು. ಅಲ್ಲಿ ಗಡಿಯಾರ ನೋಡಿಕೊಂಡೇ ದುಡಿದವರಲ್ಲಿ ಎಷ್ಟೋ ಜನ ಈಗ ನಿವೃತ್ತರು. ಹಿತ್ತಲಿದ್ದವರು ಒಂದು ಮಾವು, ಒಂದು ಸೀಬೆ ನೆಡುತ್ತಾರೆ.

ಕಸಿ ಮಾವು ಎರಡನೇ ವರ್ಷಕ್ಕೇ ಹೂ ಬಿಡುವುದುಂಟು. ನೋಡಿದರೆ ಮನಸ್ಸು ಹಿಗ್ಗುತ್ತದೆ. ಬಲ್ಲವರು ಮಾತ್ರ ಆ ಗೊಂಚಲನ್ನು ಚಿವುಟಿಬಿಡುತ್ತಾರೆ. ಕಾಯಿಗೆ ಹೋಗುವ ಕಸುವು ಮೊದಲು ಬೇರಿಗೆ, ಕಾಂಡಕ್ಕೆ ಸೇರಲಿ ಅಂತ. ಹೆಬ್ಬೆರಳಿಗೆ ಸೊನೆ ಅಂಟುತ್ತದೆ, ಘಮ ಕೈಯಲ್ಲೇ ಉಳಿಯುತ್ತದೆ.

ಎಪ್ಪತ್ತರ ಹತ್ತಿರದವರಿಗೆ ಹೀಗೆ ಹೂ ಚಿವುಟಿ ಹಣ್ಣಿಗೆ ಕಾಯುವುದು ಸುಲಭವಲ್ಲ. ನನಗಂತೂ ಅವರ ಮೇಲೆ ಗೌರವ ಉಕ್ಕುತ್ತದೆ. ಇವತ್ತು ಬುಡಕ್ಕೆ ತರಗೆಲೆ ಹೊದಿಸಿದರೆ, ಸೀಬೆಯ ಒಣ ರೆಂಬೆ ಕತ್ತರಿಸಿದರೆ, ಅವರಿಗೆ ಅಷ್ಟೇ ಸಾಕು. ಕಾಂಪೌಂಡಿನಾಚೆ ನಿಂತು, "ಸಾರ್, ಹಣ್ಣು ಯಾವಾಗ?" ಅಂತ ಕೇಳಿದವರಿಗೆ, "ಇನ್ನೆರಡು ವರ್ಷ ಬಿಟ್ಟು ಬನ್ನಿ" ಅನ್ನುತ್ತಾರೆ.